ಮಗಳಿಗೆ 7 ವರ್ಷದ ಬಿಎಸ್-ಎಂಡಿ ಸೀಟು ಸಿಕ್ಕಿದೆ, ಅವಳಿಗೆ ಇತಿಹಾಸವೂ ಓದಬೇಕಂತೆ. ಏನು ಮಾಡಲಿ?

ಎಡಿಸನ್_ಅಮ್ಮ (ಏಪ್ರಿಲ್ 9, 2026)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯುವುದು ಕಡಿಮೆ, ಓದುವುದೇ ಜಾಸ್ತಿ. ಈಗ ತಲೆ ಕೆಟ್ಟು ಹೋಗಿದೆ, ಅದಕ್ಕೇ ಬಂದೆ.

ನಮ್ಮದು ತುಮಕೂರು. 19 ವರ್ಷದಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗಳು 12ನೇ ಕ್ಲಾಸು. ಎರಡು ಕಡೆಯಿಂದ ಕರೆ ಬಂದಿದೆ. ಒಂದು, 7 ವರ್ಷದ ಬಿಎಸ್-ಎಂಡಿ, ಅಂದರೆ ಡಿಗ್ರಿಯೂ ಡಾಕ್ಟರ್ ಓದೂ ಒಟ್ಟಿಗೆ (ಇಲ್ಲಿ ಎಂಡಿ ಅಂದರೆ ನಮ್ಮ ಎಂಬಿಬಿಎಸ್ ಇದ್ದ ಹಾಗೆ). 3 ವರ್ಷ ಕಾಲೇಜು, ಆಮೇಲೆ 4 ವರ್ಷ ಮೆಡಿಕಲ್. ಜಿಪಿಎ (ಅಂಕದ ಸರಾಸರಿ, 4ಕ್ಕೆ ಇಷ್ಟು ಅಂತ) ಬೀಳದ ಹಾಗೆ ನೋಡಿಕೊಂಡರೆ ಮೆಡಿಕಲ್ ಸೀಟು ಅವಳದೇ. ಇನ್ನೊಂದು ಮಾಮೂಲಿ 4 ವರ್ಷದ ಕಾಲೇಜು. ಒಳ್ಳೆಯದೇ, ಸ್ಕಾಲರ್‌ಶಿಪ್ಪೂ ಸ್ವಲ್ಪ ಕೊಟ್ಟಿದ್ದಾರೆ, ಆದರೆ ಮೆಡಿಕಲ್ ಸೀಟಿನ ಮಾತೇ ಇಲ್ಲ, ಎಲ್ಲರ ಹಾಗೆ ಎಮ್‌ಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಬರೆದು ಸಾಲಿನಲ್ಲಿ ನಿಲ್ಲಬೇಕು. ಮೇ 1ರೊಳಗೆ ಯಾವುದು ಅಂತ ಹೇಳಬೇಕು.

ಇವಳಿಗೆ ಡಾಕ್ಟರೂ ಆಗಬೇಕು, ಇತಿಹಾಸವೂ ಓದಬೇಕು. ಶುರುವಾಗಿದ್ದು ನಮ್ಮತ್ತೆಯಿಂದ. ಎರಡು ವರ್ಷದ ಹಿಂದೆ ಬೆಂಗಳೂರಿಗೆ ಹೋದಾಗ ಅವರು ಪ್ಲೇಗ್ ಮಾರಮ್ಮನ ಗುಡಿಗೆ ಕರೆದುಕೊಂಡು ಹೋಗಿ ಕಥೆ ಹೇಳಿದರು. ಅವತ್ತಿನಿಂದ ಹಿಡಿದದ್ದು ಬಿಟ್ಟಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು, ಪೇಟೆ ಜನ ಮನೆ ಬಿಟ್ಟು ಓಡಿದ್ದು, ಮಲ್ಲೇಶ್ವರ, ಬಸವನಗುಡಿ ಬಡಾವಣೆ ಎದ್ದಿದ್ದು, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆದಿದ್ದು, ಎಲ್ಲ ಓದಿಕೊಂಡು ನನಗೇ ಪಾಠ ಹೇಳುತ್ತಾಳೆ. ತುಮಕೂರಿನವಳಾದ ನನಗೆ ಇದರಲ್ಲಿ ಅರ್ಧ ಗೊತ್ತಿರಲಿಲ್ಲ!

ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾಳೆ. ಆ 3 ವರ್ಷದ ಪ್ಲಾನು. 6 ಸೆಮಿಸ್ಟರ್, 6 ಕಾಲಂ. ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್, ಆರ್ಗ್ಯಾನಿಕ್ ಕೆಮಿಸ್ಟ್ರಿ, ಎಲ್ಲ ಪೆನ್ನಿನಲ್ಲಿ ಬರೆದಿದ್ದಾಳೆ. ನಾಲ್ಕನೇ ಕಾಲಂನ ಕೆಳಗೆ ಒಂದೇ ಒಂದು ಚೌಕದಲ್ಲಿ ಪೆನ್ಸಿಲಿನಲ್ಲಿ 'ಇತಿಹಾಸ?' ಅಂತಿದೆ. ಅಳಿಸಿ ಬರೆದು ಅಳಿಸಿ ಬರೆದು ಹಾಳೆ ಅಲ್ಲಿ ತೆಳ್ಳಗಾಗಿದೆ. ಹಾಲು ತೆಗೆಯಲು ಹೋದಾಗಲೆಲ್ಲ ಅದೇ ಕಣ್ಣಿಗೆ ಬೀಳುತ್ತದೆ.

ಯಜಮಾನರು 'ಸಿಕ್ಕಿದ ಸೀಟು ಬಿಡುತ್ತಾರಾ ಯಾರಾದರೂ' ಅನ್ನುತ್ತಾರೆ. ಕರಪತ್ರದಲ್ಲಿ ಮಾತ್ರ 'ಎಮ್‌ಕ್ಯಾಟ್ ಚಿಂತೆ ಇಲ್ಲದೆ ಇಷ್ಟವಾದದ್ದು ಓದಿ' ಅಂತ ದೊಡ್ಡದಾಗಿ ಬರೆದಿದ್ದಾರೆ. ಅದು ನಿಜವಾ? ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಹಾಸನದ_ಹುಡುಗ (ಏಪ್ರಿಲ್ 9)

ಅಕ್ಕ, ಯೋಚನೆ ಮಾಡೋಕೆ ಏನಿದೆ ಇದರಲ್ಲಿ. ವರ್ಷಕ್ಕೆ 50 ಸಾವಿರದ ಮೇಲೆ ಜನ ಎಂಡಿಗೆ ಅರ್ಜಿ ಹಾಕುತ್ತಾರೆ, ಒಳಗೆ ಹೋಗುವುದು ಸುಮಾರು 23 ಸಾವಿರ. ಅರ್ಧಕ್ಕಿಂತ ಜಾಸ್ತಿ ಜನ ಆಚೆ. ನಿಮ್ಮ ಮಗಳು 17ಕ್ಕೇ ಆ ಸಾಲು ದಾಟಿದ್ದಾಳೆ. ಇತಿಹಾಸ ಎಲ್ಲಿ ಹೋಗುತ್ತದೆ? ಪುಸ್ತಕ ತಗೊಂಡು ಮನೆಯಲ್ಲಿ ಓದಲಿ. ಎರಡು ದೋಣಿಯಲ್ಲಿ ಕಾಲಿಟ್ಟರೆ ಏನಾಗುತ್ತದೆ ಗೊತ್ತಲ್ಲ.

ರಾತ್ರಿಪಾಳಿ (ಏಪ್ರಿಲ್ 10)

ನಾನು ಮಾಡಿದವನು. 7 ವರ್ಷದ್ದೇ. ಯಾವ ಕಾಲೇಜು ಅಂತ ಹೇಳುವುದಿಲ್ಲ. ಈಗ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ (ಎಂಡಿ ಆದ ಮೇಲಿನ ಆಸ್ಪತ್ರೆ ತರಬೇತಿ), 3ನೇ ವರ್ಷ. 9ನೇ ವಯಸ್ಸಿಗೆ ಇಲ್ಲಿಗೆ ಬಂದೆ, ಕನ್ನಡ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಒಳ್ಳೆಯದು ಮೊದಲು ಹೇಳುತ್ತೇನೆ. ನನ್ನ ಜೊತೆಗಿದ್ದ ಮಾಮೂಲಿ ಪ್ರೀಮೆಡ್ ಹುಡುಗರು, ಅಂದರೆ ಸೀಟಿಲ್ಲದೆ ಮೆಡಿಕಲ್‌ಗೆ ತಯಾರಾಗುವವರು, ಇಲಿ ಓಡಿದ ಹಾಗೆ ಓಡುತ್ತಿದ್ದರು. ಲ್ಯಾಬ್‌ನಲ್ಲಿ ಬಿಟ್ಟಿ ಕೆಲಸ, ಆಸ್ಪತ್ರೆಯಲ್ಲಿ ಸೇವೆ, ಯಾವುದೋ ಕ್ಲಬ್ಬಿನ ಅಧ್ಯಕ್ಷಗಿರಿ, ಎಲ್ಲ ಅರ್ಜಿಗೋಸ್ಕರ. ನನಗೆ ಅದು ಬೇಕಿರಲಿಲ್ಲ. ಶನಿವಾರ ಮೃದಂಗ ಕ್ಲಾಸಿಗೆ ಹೋಗುತ್ತಿದ್ದೆ, ಅದನ್ನು ಯಾವ ಫಾರಂನಲ್ಲೂ ಬರೆಯಲಿಲ್ಲ. ಇದು ಸಣ್ಣ ಸುಖ ಅಲ್ಲ.

ಈಗ ಇನ್ನೊಂದು ಮಗ್ಗುಲು. ನಮ್ಮಲ್ಲಿ ಜಿಪಿಎ 3.6ಕ್ಕಿಂತ ಕೆಳಗೆ ಇಳಿಯುವ ಹಾಗಿರಲಿಲ್ಲ. 3 ವರ್ಷದಲ್ಲಿ ಮುಗಿಸಬೇಕು ಅಂದರೆ ಒಂದು ಸೆಮಿಸ್ಟರ್ ಕೆಟ್ಟರೆ ಸರಿ ಮಾಡಿಕೊಳ್ಳಲು ಮುಂದೆ ಜಾಗವೇ ಇರುವುದಿಲ್ಲ. ಎರಡನೇ ವರ್ಷ ನಾನು ಒಂದು ಫಿಲಾಸಫಿ ಕೋರ್ಸಿಗೆ ಸೇರಿದೆ. ಸಾವಿನ ಬಗ್ಗೆ. ತುಂಬಾ ಚೆನ್ನಾಗಿತ್ತು. ಮೊದಲ ಪ್ರಬಂಧಕ್ಕೆ ಬಿ ಮೈನಸ್ ಬಂತು. ಪ್ರೊಫೆಸರ್ ಕೆಂಪು ಶಾಯಿಯಲ್ಲಿ ಅರ್ಧ ಪುಟ ಬರೆದಿದ್ದರು, ನನ್ನ ವಾದ ಎಲ್ಲಿ ಜಾರಿತು, ಹೇಗೆ ಸರಿ ಮಾಡಬಹುದು ಅಂತ. ಇಷ್ಟು ಗಮನ ಕೊಟ್ಟು ನನ್ನ ಬರವಣಿಗೆ ಓದಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ನಾನು ಅದನ್ನು ಓದಲೂ ಇಲ್ಲ ಸರಿಯಾಗಿ. ಅವತ್ತು ಸಂಜೆಯೇ ಲ್ಯಾಪ್‌ಟಾಪ್ ತೆಗೆದು ಕೋರ್ಸ್ ಡ್ರಾಪ್ ಮಾಡಿದೆ. ಬದಲಿಗೆ ಸುಲಭದ್ದು ಅಂತ ಹೆಸರಾದ ನ್ಯೂಟ್ರಿಶನ್ ಕೋರ್ಸ್ ತಗೊಂಡೆ, ಎ ಬಂತು.

ಸೀಟು ಇಲ್ಲದವನಿಗೆ ಅದು ಸಿಗುತ್ತದೋ ಇಲ್ಲವೋ ಅನ್ನುವ ಭಯ. ಸೀಟು ಇದ್ದವನಿಗೆ ಇದ್ದದ್ದು ಹೋಗುತ್ತದೆ ಅನ್ನುವ ಭಯ. ಎರಡನೆಯದು ಹೆಚ್ಚು ಕಾಡುತ್ತದೆ, ಯಾಕೆಂದರೆ ಊರಿನಲ್ಲಿ ಅಜ್ಜಿ ಆಗಲೇ ಪಕ್ಕದ ಮನೆಗೆಲ್ಲ ಹೇಳಿರುತ್ತಾರೆ!

ಮೇಡಂ, ನೀವು ಒಂದು ಕೆಲಸ ಮಾಡಿ. ಆಫರ್ ಪತ್ರದಲ್ಲಿ ಜಿಪಿಎ ಎಷ್ಟು, ಎಮ್‌ಕ್ಯಾಟ್ ಬರೆಯಬೇಕಾ, ಬೇರೆ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದರೆ ಸೀಟು ಹೋಗುತ್ತದಾ, ಇಷ್ಟು ನೋಡಿ. ಕರಪತ್ರ ಪಕ್ಕಕ್ಕಿಡಿ.

ಕಾಫಿ_ಲೋಟ (ಏಪ್ರಿಲ್ 10)

ಓದುತ್ತಾ ಇದ್ದೇನೆ. ನಮ್ಮ ಮನೆಯಲ್ಲಿ ಮುಂದಿನ ವರ್ಷ ಇದೇ ಗಲಾಟೆ.

ಎಡಿಸನ್_ಅಮ್ಮ (ಏಪ್ರಿಲ್ 10)

ರಾತ್ರಿಪಾಳಿ ಅವರೇ, ತುಂಬಾ ಥ್ಯಾಂಕ್ಸ್. ಪತ್ರ ನೋಡಿದೆ. ಎಮ್‌ಕ್ಯಾಟ್ ಬರೆಯಲೇಬೇಕು, ಇಷ್ಟು ಅಂಕ ಬರಬೇಕು ಅಂತ ಇದೆ. ಕರಪತ್ರದಲ್ಲಿ 'ಚಿಂತೆ ಇಲ್ಲ' ಅಂತ ಬರೆದವರು ಯಾರೋ! ಬೇರೆ ಕಡೆ ಅರ್ಜಿ ಹಾಕಿದರೆ ಸೀಟು ಹೋಗುತ್ತದೆ ಅಂತಲೂ ಇದೆ. ಇದನ್ನು ನಾವಿಬ್ಬರೂ ಓದಿಯೇ ಇರಲಿಲ್ಲ, ಮೊದಲ ಪುಟದ 'ಅಭಿನಂದನೆಗಳು' ನೋಡಿ ಸ್ವೀಟ್ ಹಂಚಿಬಿಟ್ಟಿದ್ದೆವು.

ಮೈಸೂರ್_ಡಾಕ್ಟ್ರು (ಏಪ್ರಿಲ್ 11)

ಇಲ್ಲಿ ಮೈಸೂರಿನಿಂದ ಒಬ್ಬ ಮುದುಕನ ಮಾತು. ನಾನು ಎಂಬಿಬಿಎಸ್ ಸೇರಿದಾಗ 17 ಮುಗಿದು 3 ತಿಂಗಳು. ನಮ್ಮ ದೇಶದಲ್ಲಿ ಎಲ್ಲರಿಗೂ ಇದೇ ಅಲ್ವಾ. ಪಿಯುಸಿ ಆಯಿತು, ಈಗಾದರೆ ನೀಟ್, ನೇರ ಒಳಗೆ. ನಾಲ್ಕೂವರೆ ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ನಿಮ್ಮಲ್ಲಿ ಕೆಲವೇ ಮಕ್ಕಳಿಗೆ ಕೊಡುವುದನ್ನು ನಮ್ಮಲ್ಲಿ ದಾರಿ ಅಂತಲೇ ಮಾಡಿದ್ದಾರೆ.

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಅಷ್ಟೇ ಪ್ರಪಂಚ. ನನಗೆ ಕನ್ನಡ ಸಾಹಿತ್ಯದ ಹುಚ್ಚಿತ್ತು. ಹಾಸ್ಟೆಲಿನಲ್ಲಿ ಕಾದಂಬರಿಯನ್ನು ಅನಾಟಮಿ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದೆ, ಕದ್ದು ತಿಂದ ಹಾಗೆ. 2019ರ ಹೊಸ ಪಠ್ಯಕ್ರಮದಲ್ಲಿ ಇಲೆಕ್ಟಿವ್ ಅಂತ ಒಂದಿಷ್ಟು ಜಾಗ ಮಾಡಿದ್ದಾರೆ, ಆದರೆ ಅದೂ ಬಹುಪಾಲು ಆಸ್ಪತ್ರೆ, ಲ್ಯಾಬ್ ಸುತ್ತಲೇ.

ಹಾಗಂತ ನಮ್ಮಲ್ಲಿ ಎರಡೂ ಮಾಡಿದವರು ಇಲ್ಲವೇ? ರಾಶಿ, ಅಂದರೆ ಡಾ. ಎಂ. ಶಿವರಾಂ, ರೋಗಿಗಳನ್ನೂ ನೋಡಿದರು, 1942ರಿಂದ ಕೊರವಂಜಿ ಪತ್ರಿಕೆಯನ್ನೂ ನಡೆಸಿದರು. ಅನುಪಮಾ ನಿರಂಜನ ಡಾಕ್ಟರೂ ಹೌದು, ಕಾದಂಬರಿಕಾರ್ತಿಯೂ ಹೌದು. ಅವರಿಗೆ ಯಾವ ಕಾಲೇಜೂ ಮೈನರ್ (ಉಪವಿಷಯ) ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ಆದರೆ ಅಂಥವರ ಹೆಸರು ಹೇಳಿ 'ನೋಡಿ, ಮನಸ್ಸಿದ್ದರೆ ಆಗುತ್ತದೆ' ಅನ್ನುವುದು ಸರಿಯಲ್ಲ ಅಂತ ನನಗೆ ವಯಸ್ಸಾದ ಮೇಲೆ ಅನ್ನಿಸಿದೆ. ನನ್ನ ಬ್ಯಾಚಿನಲ್ಲಿ ಕವಿತೆ ಬರೆಯುತ್ತಿದ್ದವರು 4 ಜನ. ಈಗ ಬರೆಯುವವರು ಯಾರೂ ಇಲ್ಲ, ನಾನೂ ಸೇರಿ.

ಕೆಮಿಸ್ಟ್ರಿ_ಮೇಷ್ಟ್ರು (ಏಪ್ರಿಲ್ 12)

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಆರ್ಗ್ಯಾನಿಕ್ ಕಲಿಸುತ್ತೇನೆ. ಬಿಎಸ್-ಎಂಡಿ ಮಕ್ಕಳು, ಮಾಮೂಲಿ ಪ್ರೀಮೆಡ್ ಮಕ್ಕಳು, ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಚರ್ಚೆ ಚೆನ್ನಾಗಿದೆ, ಆದರೆ ಎಲ್ಲರೂ 'ಬಿಎಸ್-ಎಂಡಿ' ಅಂತ ಒಂದೇ ಮೂಟೆ ಕಟ್ಟುತ್ತಿದ್ದೀರಿ. ಅದು ಒಂದೇ ಸಾಮಾನಲ್ಲ.

ಒಂದು ತುದಿಯಲ್ಲಿ ಕ್ಯಾನ್ಸಸ್ ಸಿಟಿಯ ಯುಎಂಕೆಸಿ, ಅಂದರೆ ಮಿಸ್ಸೌರಿ ಯೂನಿವರ್ಸಿಟಿಯ ಮೆಡಿಕಲ್ ಕಾಲೇಜು. 1971ರಿಂದ ಇದೆ. 12ನೇ ಕ್ಲಾಸು ಮುಗಿಸಿ ಹೋದರೆ 6 ವರ್ಷಕ್ಕೆ ಬಿಎ ಮತ್ತು ಎಂಡಿ ಎರಡೂ. ಬೇಸಿಗೆ ರಜೆ ಅನ್ನುವುದು ಹೆಚ್ಚುಕಡಿಮೆ ಇಲ್ಲ, ಮೊದಲ ವರ್ಷದಿಂದಲೇ ಆಸ್ಪತ್ರೆ ವಾಸನೆ. ನಮ್ಮ ಎಂಬಿಬಿಎಸ್‌ಗೆ ಹತ್ತಿರ. ಗುರಿ ಗಟ್ಟಿ ಇರುವ ಮಗುವಿಗೆ ಚೆಂದ.

ಇನ್ನೊಂದು ತುದಿಯಲ್ಲಿ ಬ್ರೌನ್ ಯೂನಿವರ್ಸಿಟಿಯ ಪಿಎಲ್‌ಎಂಇ ಅನ್ನುವ ಪ್ರೋಗ್ರಾಮು. ಐವಿ ಲೀಗ್ ಅನ್ನುವ 8 ಹೆಸರಾಂತ ಯೂನಿವರ್ಸಿಟಿಗಳಲ್ಲಿ ಇಂಥದ್ದು ಅದೊಂದೇ. 8 ವರ್ಷ, ಎಮ್‌ಕ್ಯಾಟ್ ಇಲ್ಲ. ಬ್ರೌನ್‌ನಲ್ಲಿ ಕಡ್ಡಾಯ ಕೋರ್ಸುಗಳ ಪಟ್ಟಿಯೇ ಇಲ್ಲ, ಡಿಗ್ರಿಗೆ 30 ಕೋರ್ಸು, ಮೆಡಿಕಲ್‌ಗೆ ಬೇಕಾದ ವಿಜ್ಞಾನ ತಗೊಂಡು ಉಳಿದದ್ದು ನಿಮ್ಮಿಷ್ಟ. ಸಂಗೀತ ಮೇಜರ್ (ಮುಖ್ಯ ವಿಷಯ) ಮಾಡಿ ಡಾಕ್ಟರ್ ಆದವರಿದ್ದಾರೆ. ಸಿಯೆನಾ ಯೂನಿವರ್ಸಿಟಿ (ಮೊದಲು ಸಿಯೆನಾ ಕಾಲೇಜು) ಮತ್ತು ಆಲ್ಬನಿ ಮೆಡಿಕಲ್ ಕಾಲೇಜು ಸೇರಿ ನಡೆಸುವ 8 ವರ್ಷದ್ದರಲ್ಲಿ ಸಾಹಿತ್ಯ, ಇತಿಹಾಸದಂಥ ವಿಷಯ ಮತ್ತು ಸಮಾಜಸೇವೆ ಓದಿನ ಭಾಗವೇ.

ಇವೆರಡರ ನಡುವೆ ನಿಮ್ಮ 3+4. ಇದರಲ್ಲಿ ಸಾಮಾನ್ಯವಾಗಿ ಮೆಡಿಕಲ್ ಕಾಲೇಜಿನ ಮೊದಲ ವರ್ಷದ ಕ್ರೆಡಿಟ್ಟನ್ನೇ ಹಿಂದಕ್ಕೆ ಎಣಿಸಿ ಬ್ಯಾಚುಲರ್ ಡಿಗ್ರಿ ಕೊಡುತ್ತಾರೆ. ಈಗ ಲೆಕ್ಕ ಹಾಕಿ. ಜನರಲ್ ಕೆಮಿಸ್ಟ್ರಿ 2, ಆರ್ಗ್ಯಾನಿಕ್ 2, ಬಯಾಲಜಿ 2, ಫಿಸಿಕ್ಸ್ 2. ಲ್ಯಾಬ್ ಸೇರಿ 4 ಕ್ರೆಡಿಟ್ಟಿನ ಹಾಗೆ 32. ಇದರ ಮೇಲೆ ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್. 4 ವರ್ಷಕ್ಕೆ ಹರಡಿದರೆ ಇದು ಹೊರೆಯಲ್ಲ, ಡಿಗ್ರಿಗೆ ಬೇಕಾದ 120 ಕ್ರೆಡಿಟ್ಟಿನಲ್ಲಿ ಸುಮಾರು 40. 3 ವರ್ಷಕ್ಕೆ ಒತ್ತಿದರೂ ಈ 40 ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಉಳಿದದ್ದು. ಅಂದರೆ ಉಳಿಸಿದ್ದು ಅಂತ ಹೇಳುವ ಆ ಒಂದು ವರ್ಷವನ್ನು ಕತ್ತರಿಸಿದ್ದು ಕೆಮಿಸ್ಟ್ರಿಯಿಂದಲ್ಲ, ನಿಮ್ಮ ಮಗಳ ಪೆನ್ಸಿಲ್ ಚೌಕದಿಂದ.

ಇನ್ನೊಂದು. ಡಾಕ್ಟರ್ ಆಗಲು ಕಾಲೇಜಿನಲ್ಲಿ ಇಷ್ಟು ವಿಜ್ಞಾನ ಇರಲೇಬೇಕು ಅನ್ನುವುದು ದೇವರು ಬರೆದ ನಿಯಮವಲ್ಲ. ಅಮೆರಿಕದ ಮೆಡಿಕಲ್ ಕಾಲೇಜುಗಳನ್ನು ತಪಾಸಣೆ ಮಾಡಿದ 1910ರ ಫ್ಲೆಕ್ಸ್‌ನರ್ ವರದಿಯ ನಂತರ ಗಟ್ಟಿಯಾದದ್ದು. ಆಗ ಅದು ಬೇಕಿತ್ತು, ಯಾರೋ ಎಲ್ಲೋ ಬೋರ್ಡ್ ಹಾಕಿಕೊಂಡು ಮೆಡಿಕಲ್ ಕಾಲೇಜು ಅನ್ನುತ್ತಿದ್ದ ಕಾಲ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಮೆಡಿಕಲ್ ಕಾಲೇಜು 1987ರಲ್ಲಿ ಇದನ್ನೇ ಪರೀಕ್ಷೆಗೆ ಹಚ್ಚಿತು. ಸಾಹಿತ್ಯ, ಇತಿಹಾಸ ಓದುವ ಮಕ್ಕಳಿಗೆ ಕಾಲೇಜಿನ ಎರಡನೇ ವರ್ಷದಲ್ಲೇ ಸೀಟು. ಎಮ್‌ಕ್ಯಾಟ್ ಇಲ್ಲ, ಆರ್ಗ್ಯಾನಿಕ್‌ನ ಪೂರ್ತಿ ಕೋರ್ಸೂ ಬೇಕಿಲ್ಲ. (ನನ್ನ ಹೊಟ್ಟೆಪಾಡಿಗೆ ಕಲ್ಲು!) ಅಲ್ಲಿನವರೇ 2010ರಲ್ಲಿ ಹಳೆಯ ಬ್ಯಾಚುಗಳನ್ನು ಹೋಲಿಸಿ ಬರೆದರು. ಒಟ್ಟಾರೆ ಇವರು ಉಳಿದವರಿಗೆ ಸಮವಾಗೇ ಮಾಡಿದ್ದಾರೆ. ಸೈಕಿಯಾಟ್ರಿ, ಪ್ರೈಮರಿ ಕೇರ್ ಕಡೆ ಹೋದವರು ಸ್ವಲ್ಪ ಜಾಸ್ತಿ.

ಹಾಗಾಗಿ ಇತಿಹಾಸ ಓದಿದರೆ ಗಮನ ಚದುರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಹಾಸನದ_ಹುಡುಗ (ಏಪ್ರಿಲ್ 12)

ಮೇಷ್ಟ್ರೇ, ಅದು ಮೌಂಟ್ ಸೈನಾಯ್, ಅವರು ಆರಿಸಿದ ಮಕ್ಕಳು. ನಮ್ಮ ನಿಮ್ಮ ಮಕ್ಕಳ ಕಥೆ ಹೇಳಿ. ನನ್ನ ತಮ್ಮ ಮಾಮೂಲಿ ದಾರಿಯಲ್ಲಿ ಹೋದ. ಎಮ್‌ಕ್ಯಾಟ್ ಎರಡು ಸಲ ಬರೆದ, ಎರಡು ಗ್ಯಾಪ್ ಇಯರ್ (ಸೀಟಿಗೆ ಕಾದ ಖಾಲಿ ವರ್ಷ), ಒಂದು ವರ್ಷ ಕ್ಲಿನಿಕ್ಕಿನಲ್ಲಿ ಡಾಕ್ಟರ ಹಿಂದೆ ನಿಂತು ಟೈಪ್ ಮಾಡಿದ. ಕೊನೆಗೆ ಸಿಕ್ಕಿತು, ಸರಿ. ಆದರೆ ಆ 6 ವರ್ಷ ನಮ್ಮಮ್ಮ ಶನಿವಾರ ಉಪವಾಸ ಬಿಟ್ಟಿಲ್ಲ. ಅದೂ ಸ್ವಾತಂತ್ರ್ಯವಾ?

ರಾತ್ರಿಪಾಳಿ (ಏಪ್ರಿಲ್ 13)

ಇದು ನ್ಯಾಯವಾದ ಮಾತು. ಆ ದಾರಿಯಲ್ಲೂ ಮಕ್ಕಳು ಇಷ್ಟವಾದದ್ದು ಓದುತ್ತಾರೆ ಅಂತೇನಿಲ್ಲ, ಅಲ್ಲೂ ಎ ಬರುವುದನ್ನೇ ಹುಡುಕುತ್ತಾರೆ. ವ್ಯತ್ಯಾಸ ಒಂದೇ, ಅಲ್ಲಿ ಒಂದು ಬಿ ಬಂದರೆ ಯಾರೂ ಪತ್ರ ಕಳಿಸುವುದಿಲ್ಲ. ನಮಗೆ ಕಳಿಸುತ್ತಿದ್ದರು.

ಲೆಕ್ಕದ_ಪುಸ್ತಕ (ಏಪ್ರಿಲ್ 13)

ಯಾರೂ ದುಡ್ಡಿನ ಮಾತೇ ಎತ್ತಲಿಲ್ಲ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳುವವರಿಗೆ ಗ್ರ್ಯಾಡ್ ಪ್ಲಸ್ (ಪೂರ್ತಿ ಖರ್ಚಿನವರೆಗೂ ಸಿಗುತ್ತಿದ್ದ ಸರ್ಕಾರಿ ಸಾಲ) ಇಲ್ಲ. ಮೆಡಿಕಲ್ ಓದುವವರಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್‌ಗೆ ಮಿತಿ. ಎಷ್ಟೋ ಕಾಲೇಜಿನ ಖರ್ಚು ಅದಕ್ಕಿಂತ ಜಾಸ್ತಿ, ಮಿಕ್ಕದ್ದು ಕೈಯಿಂದ ಅಥವಾ ಖಾಸಗಿ ಸಾಲ. ಬ್ರೌನ್ ಅಂತ ಹೇಳುವುದು ಸುಲಭ, ಊಟ ವಸತಿ ಸೇರಿ ವರ್ಷಕ್ಕೆ 90 ಸಾವಿರ ಡಾಲರ್ ದಾಟಿದೆ. ಕಾಲೇಜಿನ ಒಂದು ವರ್ಷದ ಫೀಸು ಉಳಿಯುವುದು, ಒಂದು ವರ್ಷ ಮೊದಲು ಸಂಬಳ ಬರುವುದು, ಇದನ್ನು ಸುಮ್ನೆ ತಳ್ಳಿಹಾಕಬೇಡಿ. ಸಾಲ ತಲೆ ಮೇಲಿದ್ದರೆ ಅವಳು ಮುಂದೆ ಯಾವ ಸ್ಪೆಶಾಲಿಟಿ ಆರಿಸುತ್ತಾಳೆ ಅನ್ನುವುದನ್ನೂ ಅದೇ ಹೇಳುತ್ತದೆ.

ಟೆಕ್ಸಾಸ್_ಗೌಡ್ರು (ಏಪ್ರಿಲ್ 15)

ನಾನು ಇದನ್ನು ಬರೆಯಬೇಕೋ ಬೇಡವೋ ಅಂತ 3 ದಿನ ಯೋಚಿಸಿದೆ.

ನನ್ನ ಮಗ 8 ವರ್ಷದ ಪ್ರೋಗ್ರಾಮಿಗೆ ಸೇರಿದ. ಕನ್ನಡ ಕೂಟದಲ್ಲಿ ಹಾರ ಹಾಕಿದರು. ಮೂರನೇ ವರ್ಷ ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಬಂದಾಗ ಗ್ಯಾರೇಜಿನಲ್ಲಿ ಕಾರಿನ ಸಾಮಾನು ಇಳಿಸುತ್ತಾ, ನನ್ನ ಮುಖ ನೋಡದೆ, 'ಅಪ್ಪ, ನನಗೆ ಇದು ಬೇಡ, ನಾನು ಎಕನಾಮಿಕ್ಸ್ ಮಾಡುತ್ತೇನೆ' ಅಂದ. ಕೈಯಲ್ಲಿ ಬಟ್ಟೆ ತುಂಬಿದ ಬುಟ್ಟಿ ಇತ್ತು. ನಾನು 'ಬುಟ್ಟಿ ಒಳಗಿಡು' ಅಂದೆ ಅಷ್ಟೇ. ಅವತ್ತು ಬೇರೆ ಏನೂ ಮಾತಾಡಲಿಲ್ಲ.

ಆಮೇಲೆ ಹೇಳಿದ, ಅವನಿಗೆ ಒಂದೂವರೆ ವರ್ಷದಿಂದ ಗೊತ್ತಿತ್ತಂತೆ. ಹೇಳಲು ಆಗಲಿಲ್ಲ. ಸೀಟು ಬಿಡುವುದು ಅಂದರೆ ಇನ್ನೊಬ್ಬರ ಅನ್ನ ಚೆಲ್ಲಿದ ಹಾಗೆ ಅನ್ನಿಸುತ್ತಿತ್ತಂತೆ. ಮಾಮೂಲಿ ಪ್ರೀಮೆಡ್ ಆಗಿದ್ದರೆ ಎಷ್ಟೋ ಜನ ಎರಡನೇ ವರ್ಷಕ್ಕೆ ಸದ್ದಿಲ್ಲದೆ ಮೇಜರ್ ಬದಲಿಸುತ್ತಾರೆ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ.

ಮೇಡಂ, ನಿಮ್ಮ ಮಗಳ ಕಥೆ ಬೇರೆ, ಅವಳಿಗೆ ಎರಡೂ ಬೇಕು. ಆದರೆ 17ಕ್ಕೆ ಕೊಟ್ಟ ಮಾತನ್ನು 20ಕ್ಕೆ ಬದಲಿಸಬಹುದು ಅಂತ ಅವಳಿಗೆ ಈಗಲೇ, ನಿಮ್ಮಿಬ್ಬರ ಬಾಯಿಂದಲೇ ಹೇಳಿ. ನಾನು ಹೇಳಿರಲಿಲ್ಲ.

ಮೈಸೂರ್_ಡಾಕ್ಟ್ರು (ಏಪ್ರಿಲ್ 15)

ಗೌಡ್ರೇ, ಬರೆದದ್ದು ಒಳ್ಳೆಯದಾಯಿತು.

ಕೆಮಿಸ್ಟ್ರಿ_ಮೇಷ್ಟ್ರು (ಏಪ್ರಿಲ್ 16)

ಎಡಿಸನ್ ಮೇಡಂ, ಆಫೀಸಿನವರನ್ನು 'ಇತಿಹಾಸ ಓದಬಹುದಾ' ಅಂತ ಕೇಳಬೇಡಿ, 'ಓಹೋ ಖಂಡಿತ' ಅನ್ನುತ್ತಾರೆ. ಈಗ ಆ ಪ್ರೋಗ್ರಾಮಿನಲ್ಲಿ ಇದ್ದು ಇತಿಹಾಸ ಮೇಜರ್ ಮಾಡುತ್ತಿರುವ ಒಬ್ಬ ವಿದ್ಯಾರ್ಥಿಯ ಜೊತೆ ಮಾತಾಡಿಸಿ ಅನ್ನಿ. ಬೇಕೆಂದರೆ 4 ವರ್ಷ ಇರಬಹುದಾ, ಆಗಲೂ ಸೀಟು ಇರುತ್ತದಾ, ಬರೆದು ಕೊಡುತ್ತೀರಾ ಅಂತಲೂ ಕೇಳಿ.

ಎಡಿಸನ್_ಅಮ್ಮ (ಏಪ್ರಿಲ್ 29)

ಎಲ್ಲರಿಗೂ ಮತ್ತೆ ನಮಸ್ಕಾರ. ತಡವಾಯಿತು, ಮನೆಯಲ್ಲಿ ಸ್ವಲ್ಪ ಬಿಸಿ ಇತ್ತು.

ಮೇಷ್ಟ್ರು ಹೇಳಿದ ಹಾಗೆ ಕೇಳಿದೆವು. 4 ವರ್ಷ ತಗೊಳ್ಳಬಹುದಾ ಅಂದರೆ 'ಸಂದರ್ಭ ನೋಡಿ ಪರಿಶೀಲಿಸುತ್ತೇವೆ' ಅಂದರು. ಬರೆದು ಕೊಡುವುದಿಲ್ಲ. ಆದರೆ ಒಬ್ಬ ಹುಡುಗಿಯ ನಂಬರ್ ಕೊಟ್ಟರು, ಅದಕ್ಕೆ ಅವರಿಗೆ ಪುಣ್ಯ ಬರಲಿ. ಆ ಹುಡುಗಿ 3ನೇ ವರ್ಷ, ಇತಿಹಾಸ ಮೇಜರ್, ಈ ಬೇಸಿಗೆಯಲ್ಲೇ ಮೆಡಿಕಲ್‌ಗೆ ಹೋಗುತ್ತಾಳೆ. ಮಗಳು ಸ್ಪೀಕರ್ ಹಾಕಿ ಮಾತಾಡಿದಳು, ನಾವೂ ಕೇಳಿಸಿಕೊಂಡೆವು. ತುಂಬಾ ಖುಷಿಯಾಗಿದ್ದಾಳೆ, ಸುಳ್ಳು ಹೇಳುವುದಿಲ್ಲ. ಕೋರ್ಸೆಲ್ಲ ತಗೊಂಡಿದ್ದಾಳೆ, ಎಪಿ ಕ್ರೆಡಿಟ್ (ಹೈಸ್ಕೂಲಿನಲ್ಲೇ ಗಳಿಸಿದ ಕಾಲೇಜು ಕ್ರೆಡಿಟ್) ಸಹಾಯವಾಯಿತಂತೆ. ಕೊನೆಯಲ್ಲಿ ಇವಳು 'ಥೀಸಿಸ್ ಯಾವುದರ ಮೇಲೆ' ಅಂತ ಕೇಳಿದಳು. ಆ ಹುಡುಗಿ ನಕ್ಕು, 'ಥೀಸಿಸ್ ನಾಲ್ಕನೇ ವರ್ಷ ಬರೆಯುವುದು, ನಮಗೆ ನಾಲ್ಕನೇ ವರ್ಷ ಇಲ್ವಲ್ಲ' ಅಂದಳು.

ಇವಳು ಫೋನ್ ಇಟ್ಟವಳೇ ಸುಮ್ಮನೆ ಕೂತಳು. ಒಂದು ಗಂಟೆ ಬಿಟ್ಟು ಬಂದು 'ನಾನು 4 ವರ್ಷದ್ದಕ್ಕೆ ಹೋಗುತ್ತೇನೆ' ಅಂದಳು. ಹಾಸನದ ಹುಡುಗ ಅವರೇ, ನಿಮ್ಮ ತಮ್ಮನ ವಿಷಯ ಪೂರ್ತಿ ಓದಿ ಹೇಳಿದ್ದೇನೆ ಅವಳಿಗೆ. ಎಮ್‌ಕ್ಯಾಟ್ ಎರಡು ಸಲ, ಗ್ಯಾಪ್ ಇಯರ್, ಎಲ್ಲ. ಗೌಡ್ರ ಮಾತನ್ನೂ ನಾವಿಬ್ಬರೂ ಕೂತು ಹೇಳಿದೆವು, ಆಗ ಮಾತ್ರ ಅತ್ತಳು. ನನಗೆ ಭಯ ಹೋಗಿಲ್ಲ. ರಾತ್ರಿ 3 ಗಂಟೆಗೆ ಎಚ್ಚರವಾಗುತ್ತದೆ.

ಯಜಮಾನರು ಎರಡು ದಿನ ಊಟದ ಹೊತ್ತಿಗೆ ಮಾತ್ರ ಮಾತಾಡಿದರು. ನಿನ್ನೆ ತಾವೇ ಡೆಪಾಸಿಟ್ ಕಟ್ಟಿದರು. ಫ್ರಿಜ್ ಮೇಲಿನ ಹಾಳೆ ಇನ್ನೂ ಅಲ್ಲೇ ಇದೆ, ಯಾರೂ ತೆಗೆದಿಲ್ಲ.

ಒಂದು ಸಹಾಯ ಬೇಕು. ಜುಲೈನಲ್ಲಿ ಊರಿಗೆ ಬರುತ್ತಿದ್ದೇವೆ. 1898ರ ಪ್ಲೇಗಿನ ಹಳೆಯ ಸರ್ಕಾರಿ ಕಾಗದ ನೋಡಬೇಕು ಅನ್ನುತ್ತಾಳೆ. ಇದನ್ನು ಇಲ್ಲಿ ಕೇಳು ಅಂದವರು ಯಜಮಾನರೇ. ಯಾರನ್ನು ಹಿಡಿಯಬೇಕು?

ಮೈಸೂರ್_ಡಾಕ್ಟ್ರು (ಏಪ್ರಿಲ್ 30)

ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೇಳಿ, ಹಳೆ ಮೈಸೂರು ಸರ್ಕಾರದ ಕಡತ ಅಲ್ಲಿರುತ್ತವೆ. ಮಗುವಿನ ಕಾಲೇಜಿನಿಂದ ಒಂದು ಪತ್ರ ತನ್ನಿ, ಕೆಲಸ ಸುಲಭವಾಗುತ್ತದೆ. ಪೆನ್ಸಿಲ್ ತರಲು ಹೇಳಿ, ಹಳೆ ಕಾಗದದ ಹತ್ತಿರ ಪೆನ್ನು ಬಿಡುವುದಿಲ್ಲ ಇಂಥ ಕಡೆ. ಮತ್ತೆ ಬರುವ ಮುಂಚೆ ಇಲ್ಲೊಂದು ಮಾತು ಹಾಕಿ. ನನಗೂ ಬಿಡುವಿದೆ, ನಾನೂ ಬಂದು ಪಕ್ಕದಲ್ಲಿ ಕೂರುತ್ತೇನೆ.